ಕಂಪ್ಯೂಟರಿನ ಮುಂದೆ ಇಟ್ಟ ಎಡೆ

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದೆ. ಮಗಳ ಮದುವೆ ಮುಗಿಯಲಿ ಅಂದುಕೊಂಡೆ, ಮುಗಿಯಿತು. ಕಣ್ಣಿನ ಪೊರೆ ತೆಗೆಸಿಕೊಂಡು ಬರೆದರಾಯಿತು ಅಂದುಕೊಂಡೆ, ತೆಗೆಸಿ ಎರಡು ವರ್ಷವಾಯಿತು. ಇನ್ನು ನೆಪ ಉಳಿದಿಲ್ಲ. ನನ್ನ ಗೆಳೆಯನ ವಸ್ತುವೊಂದನ್ನು ನಾನು ಬದಲಾಯಿಸಿಕೊಂಡೆ — ಅಲ್ಲ, ಅದು ಮೆತ್ತಗಿನ ಮಾತು. ಕದ್ದೆ.

ಕದ್ದದ್ದು ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ಪ್ಲಾಸ್ಟಿಕ್ ತುಂಡು. ನಾವದನ್ನು ಲಾಕು ಎನ್ನುತ್ತಿದ್ದೆವು.

ಪಾಂಡವಪುರದಲ್ಲಿ ನನ್ನದೊಂದು ಅಂಗಡಿ. ಮೊದಲು ಅಚ್ಚುಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದೆ. ಆ ಗೆಳೆಯ ಹೊಣಕೆರೆಯವನು, ಬೋರ್ಡು ಬರೆಯುತ್ತಿದ್ದ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಮ್ಮ ಸುತ್ತಮುತ್ತ ಅವನಷ್ಟು ಚೆನ್ನಾಗಿ 'ಶ್ರೀ' ಬರೆಯುವವರು ಇರಲಿಲ್ಲ. ಕಂಪ್ಯೂಟರ್ ಬಂದ ಮೇಲೆ ಮೊಳೆಗೂ ಕೆಲಸ ಇಲ್ಲವಾಯಿತು, ಕುಂಚಕ್ಕೂ ಇಲ್ಲವಾಯಿತು. ಇಬ್ಬರೂ ಒಟ್ಟಿಗೆ ಮೈಸೂರಿಗೆ ಹೋಗಿ ಒಬ್ಬೊಬ್ಬರು ಒಂದೊಂದು ಕಂಪ್ಯೂಟರ್ ತಂದೆವು, ಕನ್ನಡದಲ್ಲಿ ಡಿಸೈನ್ ಮಾಡುವ ಸಾಫ್ಟ್‌ವೇರನ್ನೂ ಒಂದೊಂದು ತಂದೆವು. ಎರಡನ್ನೂ ನನ್ನ ಅಂಗಡಿಯಲ್ಲೇ ಅಕ್ಕಪಕ್ಕ ಇಟ್ಟುಕೊಂಡೆವು.

ಸಾಫ್ಟ್‌ವೇರಿನ ಜೊತೆಗೆ ಕಂಪನಿಯವರು ಕೊಟ್ಟದ್ದು ಈ ಲಾಕು. ಯಾರೂ ನಕಲು ಮಾಡಿಕೊಳ್ಳಬಾರದೆಂದು. ಕಂಪ್ಯೂಟರಿನ ಬೆನ್ನಿಗೆ ಅದನ್ನು ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತಿತ್ತು. ತೆರೆಯುವಾಗ ಮೊದಲು, ಕಪ್ಪು ತೆರೆಯ ಮೇಲೆ, ಲಾಕಿನೊಳಗೇ ತುಂಬಿಟ್ಟಿದ್ದ, ಅದನ್ನು ಕೊಂಡವರ ಹೆಸರು ಬರುತ್ತಿತ್ತು — ದೊಡ್ಡ ಬಿಳಿ ಅಕ್ಷರದಲ್ಲಿ, ಒಂದೈದಾರು ಸೆಕೆಂಡು. ಆಮೇಲೂ ನೆಮ್ಮದಿಯಿಲ್ಲ. ಕೆಲಸದ ನಡುವೆ ಅದು ಆಗಾಗ ಲಾಕನ್ನು ಹುಡುಕುತ್ತಿತ್ತು. ಹುಡುಕುವಾಗ ಒಂದೊಂದು ಸಲ ಹಾಗೇ ನಿಂತುಬಿಡುತ್ತಿತ್ತು, ಇಲ್ಲವೇ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತಿತ್ತು. ಅರ್ಧ ದಿನ ಕೂತು ಬಿಡಿಸಿದ ಬಳ್ಳಿ, ಕಳಶ, ಗಣಪತಿ ಎಲ್ಲ ಮಾಯ.

"ನಮ್ಮಪ್ಪನೂ ನನ್ನ ಇಷ್ಟ್ ಸಲ ನೀನ್ಯಾರ್ಲಾ ಅಂತ ಕೇಳಿಲ್ಲ ಕಣ್ಲಾ," ಎಂದು ಅವನು ಮೌಸನ್ನು ಮೇಜಿಗೆ ಕುಕ್ಕುತ್ತಿದ್ದ. "ಕುಡ್ದು ಮನೆಗೋದ್ರೂ ಒಂದೇ ಸಲ ಕೇಳೋನು!"

ನಗುತ್ತಿದ್ದೆವು. ಮತ್ತೆ ಮೊದಲಿಂದ ಬಿಡಿಸುತ್ತಿದ್ದೆವು.

ಇನ್ನೊಂದು ಸಂಗತಿ ಹೇಳಬೇಕು. ಪ್ರತಿ ಲಾಕಿನ ಮೇಲೂ ಒಂದು ನಂಬರಿನ ಚೀಟಿ ಅಂಟಿಸಿದ್ದರು. ಆಯುಧಪೂಜೆಯಲ್ಲಿ ನಾವು ಕಂಪ್ಯೂಟರಿನ ಜೊತೆಗೆ ಲಾಕನ್ನೂ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಬಳಿದು, ಕುಂಕುಮ ಇಡುತ್ತಿದ್ದೆವು. ಅನ್ನ ಕೊಡುವ ವಸ್ತುವಲ್ಲವೇ. ನಾಲ್ಕು ಹಬ್ಬ ಕಳೆಯುವಷ್ಟರಲ್ಲಿ ಎರಡರ ನಂಬರೂ ಅಳಿಸಿಹೋಯಿತು. ಎರಡೂ ಒಂದೇ ತರಹ, ಕೆಂಪಗೆ ಕಾಣುತ್ತಿದ್ದವು.

ಅವನು ಕೆ.ಆರ್. ಪೇಟೆಯಲ್ಲಿ ಸ್ವಂತ ಅಂಗಡಿ ಮಾಡುತ್ತೇನೆಂದ. ಹೆಂಡತಿ ಜಯಮ್ಮನ ಊರು ಅದು. ನನಗೆ ಬೇಸರವಾಯಿತು. ಬೇಸರ ಮಾತ್ರವೇ — ಅಲ್ಲ. ಗಿರಾಕಿಗಳೆಲ್ಲ ಅವನ ಕೈಕೆಲಸ ನೋಡಿ ಬರುತ್ತಿದ್ದರು, ಅದು ನನಗೆ ಗೊತ್ತಿತ್ತು.

ಅವನು ಹೊರಡುವ ದಿನ ಕರೆಂಟು ಹೋಗಿ, ಒಮ್ಮೆಲೇ ಜೋರಾಗಿ ಬಂತು. ಟ್ಯೂಬ್‌ಲೈಟು ಚಟ್ಟೆಂದಿತು. ಅವನ ಕಂಪ್ಯೂಟರ್ ಆಗಲೇ ಗೋಣಿಚೀಲದಲ್ಲಿ ಸುತ್ತಿಯಾಗಿತ್ತು. ನನ್ನದು ಓಡುತ್ತಿತ್ತು. ಅವನು ಗೂಡ್ಸ್ ಆಟೋ ಕರೆತರಲು ಹೋದ ಮೇಲೆ ನಾನು ಸಾಫ್ಟ್‌ವೇರ್ ತೆರೆಯಲು ನೋಡಿದೆ. ಲಾಕು ಸಿಗುತ್ತಿಲ್ಲ, ಎಂದಿತು. ಬಿಚ್ಚಿ ಸಿಕ್ಕಿಸಿದೆ. ಲಾಕು ಸಿಗುತ್ತಿಲ್ಲ. ಹತ್ತು ಸಲ ಮಾಡಿರಬೇಕು. ಮೇಜಿನ ಮೇಲೆ ಅವನ ಕರವಸ್ತ್ರವಿತ್ತು, ಅದರೊಳಗೆ ಅವನ ಲಾಕು. ನಡು ಮಧ್ಯಾಹ್ನ. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ. ಯಾರೋ ನನ್ನ ಕೈ ಹಿಡಿದು ಮಾಡಿಸಿದರು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಯಾರೂ ಇರಲಿಲ್ಲ. ನಾನೊಬ್ಬನೇ ಇದ್ದೆ. ಕರವಸ್ತ್ರ ಬಿಚ್ಚಿದೆ, ಸತ್ತದ್ದನ್ನು ಇಟ್ಟೆ, ಜೀವ ಇದ್ದದ್ದನ್ನು ತೆಗೆದುಕೊಂಡೆ, ಗಂಟು ಅವನು ಹಾಕಿದ ಹಾಗೆಯೇ ಹಾಕಿದೆ.

ಅಂಗಡಿ ತೆರೆಯುವ ಪೂಜೆಯಲ್ಲಿ, ನೆಂಟರ ಮುಂದೆ, ಅವನು ಸ್ವಿಚ್ ಹಾಕಿದ. ಲಾಕು ಸಿಗುತ್ತಿಲ್ಲ, ಎಂದಿತು. ಅಂದೇ ಫೋನ್ ಮಾಡಿದ.

"ಲೇ, ಎತ್ತೋವಾಗ ನಿಂದೂ ನಂದೂ ಏನಾರ ಅದ್ಲುಬದ್ಲು ಆಗೋಯ್ತೇನ್ಲಾ?"

ಇಲ್ಲಿ — ಈ ಒಂದು ಕ್ಷಣದಲ್ಲಿ — ಎಲ್ಲವನ್ನೂ ಸರಿ ಮಾಡಬಹುದಿತ್ತು. ಹೂಂ ಕಣ್ಲಾ, ಬಾ, ಬದಲಾಯಿಸಿಕೊಂಡು ಹೋಗು, ಎಂದರೆ ನಕ್ಕು ಮರೆತುಬಿಡುತ್ತಿದ್ದ.

"ಇಲ್ಲ ಕಣ್ಲಾ," ಎಂದೆ. "ನಂದು ಸರಿಯಾಗೇ ಓಡ್ತಾ ಐತೆ. ದಾರೀಲಿ ಎಲ್ಲೋ ಏಟು ಬಿದ್ದಿರ್ಬೇಕು."

ಕಂಪನಿಯವರ ಹತ್ತಿರ ಹೋದ. ನಂಬರಿಲ್ಲದ ಲಾಕನ್ನು ನಾವು ಮುಟ್ಟುವುದಿಲ್ಲ, ಇದು ಯಾರದೋ ಏನೋ, ನೀವೇ ಕೆರೆದು ತಂದಿರಬಹುದು, ಎಂದರಂತೆ. ಪೂರ್ತಿ ಹೊಸದನ್ನೇ ಕೊಳ್ಳಬೇಕೆಂದರು. ಅವನಿಂದ ಆಗಲಿಲ್ಲ. ಆ ವರ್ಷದ ಲಗ್ನದ ತಿಂಗಳುಗಳು ಹಾಗೇ ಕಳೆದವು. ಅಂಗಡಿ ಮುಚ್ಚಿ ಮತ್ತೆ ಕುಂಚ ಹಿಡಿದ. ಶಾಲೆಯ ಗೋಡೆ, ಟ್ರಾಕ್ಟರಿನ ಟ್ರೈಲರು, ಎಲ್ಲಿ ಸಿಕ್ಕರೆ ಅಲ್ಲಿ.

ಇತ್ತ ನನ್ನ ಅಂಗಡಿಯಲ್ಲಿ, ನಾನು ಮೊದಲೇ ಯೋಚಿಸದ ಒಂದು ಸಂಗತಿ ಶುರುವಾಯಿತು. ಲಾಕು ಅವನದು. ಹಾಗಾಗಿ ಸಾಫ್ಟ್‌ವೇರ್ ತೆರೆದಾಗಲೆಲ್ಲ ಬರುತ್ತಿದ್ದದ್ದು ಅವನ ಹೆಸರು. ಕೆಟ್ಟು ನಿಂತಾಗಲೆಲ್ಲ ಮತ್ತೆ ತೆರೆಯಬೇಕಲ್ಲ — ದಿನಕ್ಕೆ ಹತ್ತು ಸಲ ಅವನ ಹೆಸರು. ಗಿರಾಕಿಗಳಿಗೆ ಕಾಣದಂತೆ ತೆರೆಯನ್ನು ಗೋಡೆಯ ಕಡೆ ತಿರುಗಿಸಿದೆ. ನಾನೂ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಮುಚ್ಚಿದ ಕಣ್ಣೊಳಗೂ ಬಿಳಿ ಅಕ್ಷರ ಉಳಿಯುತ್ತಿದ್ದವು.

ಒಂದು ಸಲ ಅವನು ಬಂದ. ಬಸ್ಸಿನಿಂದ ಇಳಿಯುವುದನ್ನು ನೋಡಿ ನಾನು ತೆರೆಯನ್ನು ಆರಿಸಿದೆ. ಅವನ ಉಗುರಿನ ತುಂಬ ನೀಲಿ ಬಣ್ಣ. ಟೀ ಕುಡಿದ. ಮಳೆ, ಬೆಲ್ಲ, ಯಾರದೋ ಮದುವೆ ಎಂದು ಮಾತಾಡಿದ. ಅವನ ಕಣ್ಣು ಕಂಪ್ಯೂಟರಿನ ಡಬ್ಬಿಯ ಮೇಲೆ ಮಿನುಗುತ್ತಿದ್ದ ಹಸಿರು ದೀಪದ ಮೇಲೇ ಇತ್ತು. ಎದ್ದು ಹೋಗುವಾಗ, "ನಿನ್ ಮಿಶೀನು ಓಡ್ತೈತಲ್ಲ, ಬುಡು," ಎಂದ.

ಅವನಿಗೆ ಗೊತ್ತಿತ್ತೇ? ಆ ನಾಲ್ಕು ಮಾತನ್ನು ಇಷ್ಟು ವರ್ಷ ತಿರುಗಿಸಿ ತಿರುಗಿಸಿ ನೋಡಿದ್ದೇನೆ. ಒಂದು ದಿನ ಗೊತ್ತಿತ್ತು ಅನ್ನಿಸುತ್ತದೆ, ಒಂದು ದಿನ...

ಮೂರನೆಯ ವರ್ಷ, ನಾಗಮಂಗಲದ ಕಡೆ ಒಂದು ಶಾಲೆಯ ಗೋಡೆ ಬರೆಯುತ್ತಿದ್ದವನು ಏಣಿಯಿಂದ ಇಳಿದು, ಕುಂಚ ತೊಳೆದಿಟ್ಟು, ನೆರಳಿನಲ್ಲಿ ಕೂತ. ಮತ್ತೆ ಏಳಲಿಲ್ಲ. ನಾನು ಸಂಸ್ಕಾರಕ್ಕೂ ಹೋಗಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ.

ಶ್ರೀರಂಗಪಟ್ಟಣದಲ್ಲಿ ಅಸ್ಥಿ ಬಿಟ್ಟು ಹಿಂದಿರುಗುವಾಗ ಜಯಮ್ಮ ನನ್ನ ಅಂಗಡಿಗೆ ಬಂದಳು. ಸೀರೆಯ ಅಂಚು ಇನ್ನೂ ಒದ್ದೆ. ತಿಥಿಗೆ ಶ್ರದ್ಧಾಂಜಲಿಯ ಬ್ಯಾನರು ಬೇಕೆಂದಳು. ಫೋಟೋ ತಂದಿದ್ದಳು. "ಬೇರೆ ಕಡೆ ಬ್ಯಾಡ, ನಿಮ್ ಕೈಲೇ ಆಗ್ಲಿ ಅಣ್ಣ. ಅವ್ರಿಗೆ ನೀವಂದ್ರೆ..." ಎಂದು ನಿಲ್ಲಿಸಿದಳು. ಫೋಟೋ ಎಲ್ಲಿಡಬೇಕೆಂದು ತೋರಿಸಲು ನನ್ನ ಪಕ್ಕಕ್ಕೇ ಬಂದು ನಿಂತಳು.

ನಾನು ಯೋಚಿಸದೆ ಸಾಫ್ಟ್‌ವೇರ್ ತೆರೆದೆ. ಅದು ತೆರೆದುಕೊಳ್ಳುತ್ತಿರುವಾಗ ಕೇಳಿದೆ, "ಹೆಸ್ರು ಏನಂತ ಹಾಕ್ಲವ್ವ? ಪೂರ್ತಿ ಹಾಕ್ಲಾ?"

ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. ಅವಳು ತಲೆ ತಗ್ಗಿಸಿದಳು. ಮತ್ತೆ ತಲೆ ಎತ್ತುವಷ್ಟರಲ್ಲಿ ತೆರೆಯ ಮೇಲೆ ಅವನ ಹೆಸರು ಇತ್ತು. ಪೂರ್ತಿ ಹೆಸರು, ಅಪ್ಪನ ಹೆಸರಿನ ಮೊದಲಕ್ಷರದ ಸಮೇತ.

"ಅಣ್ಣಾ," ಎಂದಳು. ಅವಳ ತೋಳಿನ ರೋಮ ಎದ್ದು ನಿಂತದ್ದನ್ನು ನಾನು ನೋಡಿದೆ. "ನಾನು ಬಾಯೇ ಬುಟ್ಟಿಲ್ಲ. ನೀವೂ ಏನೂ ಒತ್ನಿಲ್ಲ."

"ಊಂ ಕಣವ್ವ," ಎಂದೆ. "ಒತ್ನಿಲ್ಲ."

ಅದು ನನ್ನ ಎರಡನೆಯ ಕಳ್ಳತನ. ಮೊದಲನೆಯದಕ್ಕಿಂತ ದೊಡ್ಡದು. ಫೋಟೋ ಕೂರಿಸುವಷ್ಟರಲ್ಲಿ ಸಾಫ್ಟ್‌ವೇರ್ ಮೂರು ಸಲ ಕೆಟ್ಟು ಮುಚ್ಚಿಕೊಂಡಿತು. ಮೂರು ಸಲವೂ ತೆರೆದೆ, ಮೂರು ಸಲವೂ ಅವನ ಹೆಸರು ಬಂತು. ಮೂರನೆಯ ಸಲ ಅವಳು ಕೈಮುಗಿದು ನಿಂತಿದ್ದಳು. "ಓಗಾಕೆ ಮನಸಿಲ್ಲ ಅವ್ರ್ಗೆ. ಇಲ್ಲೇ ಅವ್ರೆ."

ಆ ವರ್ಷ ಹಿರಿಯರ ಹಬ್ಬದ ಮಾರನೆಯ ದಿನ, ಮಧ್ಯಾಹ್ನ, ಅವಳು ಮತ್ತೆ ಬಂದಳು. ಕೀಬೋರ್ಡಿನ ಮುಂದೆ ಒಂದು ಕುಡಿಬಾಳೆ ಎಲೆ ಹಾಸಿದಳು. ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ, ಒಂದು ಹೊಸ ಕುಂಚ. ಊದುಬತ್ತಿ ಹಚ್ಚಿ, "ಒಂದ್ಸಲ ಹಾಕಣ್ಣ," ಎಂದಳು. ನಾನು ಹಾಕಿದೆ. ಐದಾರು ಸೆಕೆಂಡು ಹೆಸರು ಬಂತು. ಕೈಮುಗಿದಳು, ಹೋದಳು.

ಅಂದಿನಿಂದ ಪ್ರತಿ ವರ್ಷ. "ನಾನೂ ಆ ಎಸ್ರ ಏಳಂಗಿಲ್ಲ," ಎಂದು ಒಂದು ಸಲ ನಕ್ಕಳು. "ನೀವೂ ಯಾಕೋ ಏಳಾಕಿಲ್ಲ. ಮಿಶೀನೊಂದೇ ಏಳೋದು."

ನನ್ನ ಅಂಗಡಿಗೆ ಹೊಸ ಕಂಪ್ಯೂಟರುಗಳು ಬಂದವು. ಈಗಿನ ಸಾಫ್ಟ್‌ವೇರಿಗೆ ಲಾಕಿಲ್ಲ, ಇಂಟರ್‌ನೆಟ್ಟಿನಲ್ಲೇ ಗುರುತು ಕೇಳಿಕೊಳ್ಳುತ್ತದೆ. ಹಳೆಯದು ಒಂದು ಪಂಚೆ ಹೊದ್ದು ಮೂಲೆಯಲ್ಲಿ ಕೂತಿತು, ಕೇವಲ ಅವಳಿಗಾಗಿ. ಸಾಫ್ಟ್‌ವೇರ್ ತಾನಾಗಿಯೇ ತೆರೆಯುವಂತೆ ಹಿಂದೆ ನಾನೇ ಮಾಡಿಟ್ಟಿದ್ದೆ. ಸ್ವಿಚ್ ಆರಿಸುವುದು ಮರೆತ ದಿನ, ಕರೆಂಟು ಹೋಗಿ ಬಂದಾಗ, ಅದು ಗುರ್ರೆಂದು ಎದ್ದುಕೊಳ್ಳುತ್ತಿತ್ತು. ಯಾರೂ ಇಲ್ಲದ ಮಧ್ಯಾಹ್ನ, ಬಿಳಿ ಪಂಚೆಯ ಒಳಗಿಂದ ಅವನ ಹೆಸರು ಬೆಳಗುತ್ತಿತ್ತು. ನಾನು ಬಾಗಿಲಾಚೆ ಹೋಗಿ ನಿಲ್ಲುತ್ತಿದ್ದೆ.

ಒಮ್ಮೆ ಆ ಲಾಕನ್ನು ಜೇಬಿನಲ್ಲಿಟ್ಟುಕೊಂಡು ಗಂಜಾಮಿಗೆ ಹೋದೆ, ಹೊಳೆಗೆ ಎಸೆಯಲೆಂದು. ನಿಮಿಷಾಂಬೆಯ ಗುಡಿಯ ಮೆಟ್ಟಿಲ ಮೇಲೆ ಬಹಳ ಹೊತ್ತು ನಿಂತೆ. ಎಸೆದರೆ ಬರುವ ವರ್ಷ ಅವಳಿಗೆ ಏನು ತೋರಿಸಲಿ? ವಾಪಸು ತಂದೆ. ಅವಳಿಗಾಗಿ ತಂದೆ ಎಂದುಕೊಂಡೆ. ಸುಳ್ಳು. ಅದು ಇರುವವರೆಗೆ ಯಾರೂ ನನ್ನನ್ನು ಏನೂ ಕೇಳುವುದಿಲ್ಲ, ಅದಕ್ಕೆ.

ಈ ವರ್ಷವೂ ಬಂದಳು. ಅವಳಿಗೂ ಮಂಡಿ ನೋವು, ಬಸ್ಸಿನಿಂದ ಕೋಲೂರಿಕೊಂಡು ಇಳಿದಳು. ಎಡೆ ಇಟ್ಟಳು. ನಾನು ಸ್ವಿಚ್ ಹಾಕಿದೆ. ಹೆಸರು ಬಂತು — ಹೋಗಲಿಲ್ಲ.

ಅಲ್ಲೇ ಕೆಟ್ಟು ನಿಂತಿತು. ಐದು ನಿಮಿಷ. ಹತ್ತು ನಿಮಿಷ. ಊದುಬತ್ತಿ ಉರಿದು ಬೂದಿಯಾಯಿತು, ಹೆಸರು ಕದಲಲಿಲ್ಲ. ಹಳೆಯ ಯಂತ್ರ, ಹ್ಯಾಂಗ್ ಆಗಿದೆ ಅಷ್ಟೇ, ನೂರು ಸಲ ಆಗಿದೆ ಎಂದು ನನಗೆ ಗೊತ್ತು. ಗೊತ್ತಿದ್ದರೂ ನನ್ನ ಕೈ ಸ್ವಿಚ್ಚಿನ ಹತ್ತಿರ ಹೋಗಲಿಲ್ಲ.

"ಇವತ್ತು ಓಗ್ತಾ ಇಲ್ಲ ನೋಡಣ್ಣ," ಎಂದಳು ಜಯಮ್ಮ, ಮೆಲ್ಲಗೆ. "ಏನೋ ಏಳ್ಬೇಕು ಅಂತ ನಿಂತವ್ರೆ." ಆಮೇಲೆ ನನ್ನ ಕಡೆ ತಿರುಗಿದಳು. "ನಂಗಲ್ಲ ಅನ್ನುಸ್ತದೆ. ನಿಮ್ಗೇ ಏನೋ."

ನಾನು ಪ್ಲಗ್ಗು ಕಿತ್ತೆ. ಕಪ್ಪಾದ ಗಾಜಿನಲ್ಲಿ ನಮ್ಮಿಬ್ಬರ ಮುಖ ಕಂಡವು. ಅವಳು ನನ್ನನ್ನೇ ನೋಡುತ್ತಿದ್ದಳು.

ಹೊರಡುವಾಗ ಹೇಳಿದಳು, "ಅಣ್ಣ, ಈ ಮಿಶೀನ ನಂಗೇ ಕೊಟ್ಬುಡಿ. ಇನ್ನು ಬಸ್ ಅತ್ತಾಕೆ ಆಗಾಕಿಲ್ಲ. ಅವ್ರ ಫೋಟೋ ಪಕ್ಕ ಇಟ್ಕತೀನಿ." ಆಗಲಿ ಎಂದೆ.

ಅದಾಗಿ ಹನ್ನೆರಡು ದಿನ. ಸುಮ್ಮನೆ ಆಟೋದಲ್ಲಿ ಹಾಕಿ ಕಳಿಸಿದರೆ ಮುಗಿಯಿತು. ಅವಳು ನೆಮ್ಮದಿಯಾಗಿರುತ್ತಾಳೆ, ನನಗೂ ಮುಪ್ಪಿನಲ್ಲಿ ಒಂದು ಒಳ್ಳೆಯ ಹೆಸರು. ಹೇಳಿದರೆ ಅವಳು ಗಂಡನನ್ನು ಎರಡನೆಯ ಸಲ ಕಳೆದುಕೊಳ್ಳುತ್ತಾಳೆ. ಇಷ್ಟು ವರ್ಷ ಎಡೆ ಇಟ್ಟದ್ದು ಒಬ್ಬ ಕಳ್ಳನ ಅಂಗಡಿಯಲ್ಲಿ, ಕದ್ದ ವಸ್ತುವಿಗೆ ಎಂದು ತಿಳಿಯುತ್ತದೆ. ಹೇಳಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಸಿಗದು. ಅದಕ್ಕೇ ಅದನ್ನು ನಂಬುವುದಿಲ್ಲ. ಇಂಥ ಒಳ್ಳೆಯ ಕಾರಣಗಳನ್ನೇ ನಂಬಿಕೊಂಡು ಇಲ್ಲಿಯವರೆಗೆ ಬಂದವನು ನಾನು.

ಸೋಮವಾರ ಕೆ.ಆರ್. ಪೇಟೆಯ ಬಸ್ಸು ಹತ್ತುತ್ತೇನೆ. ಕಂಪ್ಯೂಟರ್ ಆಮೇಲೆ ಹೋಗಲಿ. ಮೊದಲು ಲಾಕನ್ನು ಅವಳ ಕೈಯಲ್ಲಿಟ್ಟು, ಇದು ಏನು, ಇದು ನನ್ನ ಹತ್ತಿರ ಹೇಗೆ ಬಂತು ಎಂದು ಹೇಳುತ್ತೇನೆ. ಅವಳು ಉಗಿಯಬಹುದು. ಬಾಗಿಲು ಹಾಕಿಕೊಳ್ಳಬಹುದು. ಹಾಕಿಕೊಳ್ಳಲಿ. ಆದರೆ ನಾನು ಯಾರ ಕ್ಷಮೆ ಕೇಳಬೇಕೋ ಅವನು ಕೇಳಿಸಿಕೊಳ್ಳಲು ಇಲ್ಲ. ಟೀ ಕುಡಿದು ಎದ್ದು ಹೋದ ದಿನ ಇದ್ದ, ಎದುರಿಗೇ ಇದ್ದ, ನಾನು ಕೇಳಲಿಲ್ಲ.

ಅವನು ತೀರಿಕೊಂಡ ಮೇಲೆ ಅವನ ಹೆಸರು ನನ್ನ ಬಾಯಿಂದ ಬಂದಿಲ್ಲ. ಇಷ್ಟು ಹಾಳೆ ಬರೆದರೂ ಅದನ್ನು ಬರೆಯದೆ ತಪ್ಪಿಸಿಕೊಂಡಿದ್ದೇನೆ. ಬರೆಯುತ್ತೇನೆ. ಹೊಣಕೆರೆಯ ಬೋರ್ಡು ಬರೆಯುವ ನಿಂಗರಾಜು.