ಹಕ್ಕಿಜನದ ಕಣ್ಣು

ಕುಂದಾಪುರದಲ್ಲಿ ಮಾವ ನಡೆಸುತ್ತಿದ್ದ ಸೈಬರ್ ಅಂಗಡಿ ಮುಚ್ಚಿದಾಗ ಅಲ್ಲಿಯ ಒಂದು ಕಂಪ್ಯೂಟರ್ ತ್ರಾಸಿಯ ನಮ್ಮ ಮನೆಗೆ ಬಂತು. ಪಿಯುಸಿ ಓದುತ್ತಿದ್ದ ನನಗೆ ಉಪಯೋಗವಾಗಲಿ ಎಂದು ಕೊಟ್ಟದ್ದು. ನಾನು ಅದರಲ್ಲಿ ಮನಸ್ಸಿಟ್ಟು ಓದಿದ್ದು ಒಂದು ಆಟದ ಹಕ್ಕಿಜನದ ಗುಣಗಳ ಪಟ್ಟಿಯನ್ನು ಮಾತ್ರ.

ಆಟ ಶುರುವಾಗುವ ಮೊದಲು ನಾಲ್ಕು ಬಗೆಯ ಜನರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನನಗೆ ಯಾವಾಗಲೂ ಹಕ್ಕಿಜನವೇ ಬೇಕು. ಮನುಷ್ಯರ ಮೈ, ಕೊಕ್ಕಿನ ಮುಖ, ತೋಳಿನುದ್ದ ಗರಿ. ಎಲುಬು ಟೊಳ್ಳು, ಎತ್ತರದಿಂದ ಬಿದ್ದರೂ ತೇಲಿ ಇಳಿಯುತ್ತಾರೆ. ಭಾರ ಹೊರಲಾರರು. ಗರಿ ಒದ್ದೆಯಾದರೆ ಹಾರಲಾರರು. ಆದರೆ ಉಳಿದವರಿಗಿಂತ ಇಮ್ಮಡಿ ದೂರ ಕಾಣುತ್ತಾರೆ, ಗುಂಪಿನಲ್ಲಿ ಒಬ್ಬರು ಕಂಡದ್ದು ಎಲ್ಲರಿಗೂ ಕಾಣುತ್ತದೆ.

ಅಪ್ಪಯ್ಯ ಹಿಂದೆ ಬಂದು ಕೂತು ತಮಾಷೆ ಮಾಡುತ್ತಿದ್ದರು. "ನೀರ್ ತಾಗಿರೆ ಹಾರೂಕಾತಿಲ್ಲೆ ಅಂದ್ರೆ ಅದ್ ಎಂತಾ ಹಕ್ಕಿ ಮಗಾ?"

ಹಕ್ಕಿಯ ವಿಷಯದಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ದಡದಿಂದ ಎಳೆಯುವ ಕೈರಂಪಣಿ ಬಲೆಯ ತಂಡಕ್ಕೆ ಅವರೇ ಕಣ್ಣು. ಬೆಳಿಗ್ಗೆ ಮರಳದಿಬ್ಬದ ಮೇಲೆ ನಿಂತು, ನೀರಿನ ಬಣ್ಣ ಮತ್ತು ಮುಗಿಬೀಳುವ ಹಕ್ಕಿಗಳನ್ನು ನೋಡಿ ಬಂಗುಡೆ ಮೀನಿನ ಹಿಂಡು ಎಲ್ಲಿದೆ ಎಂದು ಕೂಗುವುದು ಅವರ ಕೆಲಸ. ಅವರು ಕೂಗಿದ ಮೇಲೆಯೇ ದೋಣಿ ಹೊರಡುತ್ತಿತ್ತು.

ಒಂದು ದಿನ ಆಟದಲ್ಲಿ ನನ್ನ ಹಕ್ಕಿಯವಳು ಗುಡ್ಡದ ಮೇಲೆ ನಿಂತಿದ್ದಳು. ದೂರದ ವೈರಿಗಳು ಹಳದಿ ಚುಕ್ಕಿಗಳಾಗಿ ಮೂಡಿದರು. ಎಷ್ಟಿವೆ ಹೇಳಿ ಎಂದು ಅಪ್ಪಯ್ಯನನ್ನು ಕೇಳಿದೆ. ಅವರು ಪರದೆಗೆ ಮೂಗು ತಾಗುವಷ್ಟು ಬಗ್ಗಿದರು.

"ಚುಕ್ಕಿ ಎಲ್ಲಿತ್ತ್?" ಅಂದರು.

ಏಳು ಚುಕ್ಕಿಗಳು ಕಡಲೆಕಾಳಿನ ಗಾತ್ರದಲ್ಲಿ ಹೊಳೆಯುತ್ತಿದ್ದವು. ಅಪ್ಪಯ್ಯನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲವೆಂದು ನನಗೆ ಗೊತ್ತಾಯಿತು. ನನಗೆ ಗೊತ್ತಾದದ್ದನ್ನು ಅರಿಯಲು ಅವರಿಗೆ ನನ್ನ ಮುಖ ನೋಡುವ ಅಗತ್ಯವೂ ಬೀಳಲಿಲ್ಲ.

"ತಂಡದವ್ರಿಗೆ ಗೊತ್ತಾರೆ ನನ್ನ ದಿಬ್ಬದಿಂದ ಇಳ್ಸ್ತ್ರ್. ನಾಳೆ ನನ್ನೊಟ್ಟಿಗೆ ಬತ್ಯಾ? ನೀ ಕಂಡದ್ದ್ ಮೆಲ್ಲ ಹೇಳ್. ಕೂಗುದ್ ನಾನ್."

ಮೂರು ತಿಂಗಳು ಹಾಗೇ ನಡೆಯಿತು. ನಾನು ಪಿಸುಗುಟ್ಟಿದೆ, ಅವರು ಕೂಗಿದರು, ಬಲೆ ತುಂಬಿತು. ನೀರಿನಲ್ಲಿ ಕಪ್ಪು ಕಂಡ ಕೂಡಲೇ ಹೇಳಬೇಡ, ಮೇಲೆ ಹಕ್ಕಿ ಇದೆಯಾ ನೋಡು ಎಂದು ಅವರು ದಿನವೂ ಹೇಳುತ್ತಿದ್ದರು. ನನಗಾಗಲೇ ಕೋಡು ಮೂಡಿತ್ತು.

ಒಂದು ಬೆಳಿಗ್ಗೆ ಮರವಂತೆ ಬದಿಗೆ ದೊಡ್ಡದೊಂದು ಕಪ್ಪು ಕಂಡಿತು. ಹಕ್ಕಿ ಇದೆಯಾ ಎಂದು ತಲೆ ಎತ್ತಿಯೂ ನೋಡದೆ ಹೇಳಿಬಿಟ್ಟೆ. ಅಪ್ಪಯ್ಯ ಕೂಗಿದರು. ಎರಡು ಗಂಟೆ ಎಳೆದ ಬಲೆಯಲ್ಲಿ ಬಂದದ್ದು ಕಸ ಮತ್ತು ನಾಲ್ಕು ಏಡಿ. ನಾನು ಕಂಡದ್ದು ಮೋಡದ ನೆರಳು.

"ಹ್ವಾಯ್, ಮಗಳೊಟ್ಟಿಗೆ ಪಟ್ಟಾಂಗ ಹೊಡೀತಾ ನಿಂತ್ರೆ ಹೀಂಗೇ ಆಪುದ್," ಎಂದರು ಹಗ್ಗ ಎಳೆದು ಸುಸ್ತಾದ ಒಬ್ಬರು. "ಇನ್ನ್ ಅವ್ಳ್ ಬಪ್ಪುದ್ ಬೇಡ."

ಎಲ್ಲರೂ ನನ್ನನ್ನೇ ನೋಡಿದರು. ಅಪ್ಪಯ್ಯ ನನ್ನ ಮುಂದೆ ಬಂದು ನಿಂತರು.

"ಅವ್ಳದ್ದ್ ಎಂತದೂ ಇಲ್ಲೆ. ನನ್ನ ಕಣ್ಣೇ ಸಮಾ ಕಾಣುದಿಲ್ಲೆ. ನಾಳೆಯಿಂದ ಬೇರೆಯವ್ರನ್ನ ನಿಲ್ಸಿ."

ತಪ್ಪು ಕಂಡದ್ದು ನಾನು ಎಂದು ನಾನು ಹೇಳಲಿಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ. ಆಟದಲ್ಲಿ ಒಬ್ಬರು ಕಂಡದ್ದು ಎಲ್ಲರಿಗೂ ಕಾಣುತ್ತಿತ್ತು. ಒಬ್ಬರು ತಪ್ಪು ಕಂಡರೆ ಅದನ್ನು ಯಾರು ಹೊರಬೇಕು ಎಂದು ಆ ಪಟ್ಟಿಯಲ್ಲಿ ಬರೆದಿರಲಿಲ್ಲ. ಮರುದಿನ ಅಪ್ಪಯ್ಯ ಹಗ್ಗದ ತುದಿ ಹಿಡಿದು ಉಳಿದವರ ಹಿಂದೆ ನಿಂತರು.