ರೊಟ್ಟಿ ಸುಟ್ಟು ತಿನ್ನುತ್ತಿದ್ದ ತಂಗಿ

ನನ್ನ ತಂಗಿಯ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳು ಸುಟ್ಟು ಸುಟ್ಟು ಗಟ್ಟಿಯಾಗಿ ಹೊಳೆಯುತ್ತಿದ್ದವು. ರೊಟ್ಟಿ ಬಡಿಯುವವಳು ನಾನು, ಬೆರಳು ಸುಟ್ಟುಕೊಂಡವಳು ಅವಳು. ತಾಟಿಗೆ ಬಂದ ರೊಟ್ಟಿಯನ್ನು ಅವಳು ಹಾಗೇ ತಿಂದದ್ದನ್ನು ನಾನು ನೋಡಿಲ್ಲ. ಇಕ್ಕಳ ಮುಟ್ಟುತ್ತಿರಲಿಲ್ಲ. ಬರಿಗೈಯಲ್ಲಿ ಹಿಡಿದು, ಉರಿಯ ಮೇಲೆ ಎರಡೂ ಮಗ್ಗುಲು ತಿರುವಿ ತಿರುವಿ, ಅಂಚು ಕರ್ರಗಾಗುವ ತನಕ ಸುಡುತ್ತಿದ್ದಳು. ಆಮೇಲೆ ಮುರಿದು ತಿನ್ನುತ್ತಿದ್ದಳು.

“ಮೆತ್ತಗಿದ್ದದ್ದು ತಿಂದ್ರ ಏನಾಗ್ತದ ನಿಂಗ?” ಎಂದು ಬೈದರೆ, “ನಂಗ ಕಡಕ್ ರೊಟ್ಟಿನೇ ಸೇರ್ತದ ಅಕ್ಕಾ” ಎನ್ನುತ್ತಿದ್ದಳು. ಅಷ್ಟೇ. ನಾನೂ ಅದನ್ನು ನಂಬಿದ್ದೆ.

ಅವ್ವ ತೀರಿದಾಗ ಅವಳಿಗೆ ಒಂಬತ್ತು ವರ್ಷ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ವಾಡಿ ಸ್ಟೇಷನ್ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯಲು ನಿಂತೆ. ಶಾಲೆ ಮುಗಿಸಿ ಅವಳು ನೇರ ಹಿಂದಿನ ಬಾಗಿಲಿಗೆ ಬರುತ್ತಿದ್ದಳು. ಹಿಟ್ಟಿನ ಚೀಲದ ಮೇಲೆ ಕುಳಿತು ಲೆಕ್ಕ ಮಾಡುತ್ತಿದ್ದಳು, ಪುಸ್ತಕದ ಮೇಲೆ ಬಿದ್ದ ಹಿಟ್ಟನ್ನು ಊದುತ್ತಿದ್ದಳು. ಬಾಯಿ ತೆರೆದರೆ ಪ್ರಶ್ನೆ. ರೊಟ್ಟಿ ಯಾಕೆ ಉಬ್ಬುತ್ತದೆ, ಹೊಗೆ ಯಾಕೆ ಹೊರಗೆ ಹೋಗುವುದಿಲ್ಲ, ಉಣ್ಣಲು ಬಂದವರು ಒಳಗೆ ಯಾಕೆ ನೋಡುವುದಿಲ್ಲ. ರೊಟ್ಟಿ ಬಡಿಯುವ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು, ನಾವೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವಳು, “ಈ ಪೋರಿ ಬಾಯಿಗೆ ಒಂದು ತುಂಡು ಬೆಲ್ಲ ಹಾಕ್ರಿ, ಒಂದು ಘಳಿಗಿ ಸುಮ್ಮನಿರ್ತಾಳ” ಎನ್ನುತ್ತಿದ್ದಳು.

ಓದಿದಳು. ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದು ಹೋಟೆಲ್ ಮತ್ತು ಪ್ರವಾಸದ ಮೇಲೆ ಡಿಗ್ರಿಗೆ ಸೇರಿದಳು. ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ಪ್ರಾಜೆಕ್ಟ್ ಬರೆಯಬೇಕಂತೆ. ವಿಷಯ ಆತಿಥ್ಯ ಉದ್ಯಮ ಎಂದಳು. ಹಾಗೆಂದರೇನು ಎಂದು ಖಾಲಾ ಕೇಳಿದಳು.

“ಬಂದ ಮಂದಿಗಿ ಉಣಿಸಿ, ಮಲಗಿಸಿ ಕಳಿಸೋ ಧಂದೆ, ಖಾಲಾ.”

“ಅದಕ್ಕೂ ಕಾಲೇಜು ಅದ ಏನು? ಮೊದಲೇ ಹೇಳಬಾರದಾ! ನಾ ಇಷ್ಟೊತ್ತಿಗೆ ಹೆಡ್ ಮೇಡಂ ಆಗ್ತಿದ್ನಲ್ಲ!”

ಅವಳ ಜೊತೆಯವರು ದೊಡ್ಡ ಹೋಟೆಲುಗಳನ್ನು ಆರಿಸಿಕೊಂಡಿದ್ದರು. ಇವಳು ಆರಿಸಿದ್ದು ಖಾನಾವಳಿಯ ಹಿಂದಿನ ಬಾಗಿಲು. ರೊಟ್ಟಿ ಬಡಿಯುವ ಹೆಂಗಸರು ಎಷ್ಟೊತ್ತಿಗೆ ಏಳುತ್ತಾರೆ, ಎಷ್ಟೊತ್ತು ಹೊಗೆಯಲ್ಲಿ ಇರುತ್ತಾರೆ, ತಾವು ಏನು ಉಣ್ಣುತ್ತಾರೆ. “ಮುಂದಿನ ಬಾಗಿಲಿಂದ ಹೋದ್ರ ಊಟ ಕಾಣ್ತದ ಅಕ್ಕಾ. ಹಿಂದಿನ ಬಾಗಿಲಿಂದ ಹೋದ್ರ ಊಟ ಮಾಡಿಟ್ಟಾಕಿ ಕಾಣ್ತಾಳ.” ಈ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಳೋ.

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಐದು ಊರು ಬರೆದುಕೊಂಡಳು. ನಡುವೆ ವಾಡಿ. ಒಂದು ಕಡೆ ಶಹಾಬಾದ್, ಇನ್ನೊಂದು ಕಡೆ ಚಿತ್ತಾಪುರ, ಅದರ ಮುಂದೆ ಸೇಡಂ. ಇವಕ್ಕೆಲ್ಲ ರೈಲು. ಚಿಂಚೋಳಿಗೆ ಮಾತ್ರ ಸೇಡಂನಲ್ಲಿ ಇಳಿದು ಬಸ್ಸು ಹಿಡಿಯಬೇಕು. ಅಲ್ಲಿ ಊರಿಗೆ ಹೊಂದಿಕೊಂಡ ಚಂದಾಪುರದ ಕಚೇರಿಗಳ ಎದುರಿಗಿರುವ ಖಾನಾವಳಿಗೆ ಹೋಗುವುದು ಎಂದು ಗೆರೆ ಎಳೆದಿದ್ದಳು. ಯಾವ ವಾರ ಯಾವ ಊರು, ಯಾವ ಗಾಡಿ, ಎಲ್ಲ ಬರೆದಿದ್ದಳು. ಮಧ್ಯಾಹ್ನದ ಗದ್ದಲದಲ್ಲಿ ಯಾರನ್ನೂ ಕೇಳಬಾರದು, ಹಿಟ್ಟು ನಾದುವಾಗ ಕೇಳಬೇಕು, ಆಗ ಕೈಗೆ ಕೆಲಸವಿದ್ದರೂ ಬಾಯಿ ಬಿಡುವಾಗಿರುತ್ತದೆ ಎಂದೂ ಅದರಲ್ಲೇ ಬರೆದಿದ್ದಳು. ಅದು ನಮ್ಮ ನಡುವೆ ಬೆಳೆದವಳಿಗಷ್ಟೇ ಹೊಳೆಯುವ ಮಾತು.

ಆದರೆ ಕಾಲೇಜಿನ ಮೇಡಂ ಒಪ್ಪಬೇಕಿತ್ತು. ಮೊದಲು ಐದು ಜನರನ್ನು ಕೇಳಿ ಬಾ, ಉತ್ತರದಲ್ಲಿ ಹುರುಳಿದ್ದರೆ ಮುಂದುವರಿ ಎಂದಿದ್ದರಂತೆ.

“ನಿಮ್ಮ ಖಾನಾವಳಿಯಿಂದನೇ ಶುರು ಮಾಡ್ತೀನಿ ಅಕ್ಕಾ. ಎಲ್ಲಾರಿಗೂ ಹೇಳಿಡು, ಖರೇ ಖರೇ ಹೇಳ್ರಿ ಅಂತ.”

ಹೂಂ ಎಂದೆ, ಆದರೆ ಖರೇ ಹೇಳಿಸುವುದು ನನಗೆ ಬೇಡವಾಗಿತ್ತು. ಯಾಕೆಂದು ಈಗ ಬರೆಯಲೇಬೇಕು.

ನಮ್ಮ ಖಾನಾವಳಿಯಲ್ಲಿ ಉಣ್ಣುವವರು ಬೇಡ ಎಂದರೂ ಇನ್ನೊಂದು ರೊಟ್ಟಿ ತಾಟಿಗೆ ಬೀಳಲೇಬೇಕು. ಕೈ ಅಡ್ಡ ಹಿಡಿದವರಿಗೆ ಕೈ ಸರಿಸಿ ಹಾಕುವುದೇ ನಮ್ಮ ಮರ್ಯಾದೆ. ವಾಡಿ ಜಂಕ್ಷನ್ ಬೇರೆ. ಗಾಡಿ ಬಂತು ಎಂಬ ಕೂಗು ಕೇಳಿದರೆ ಜನ ಕೈ ತೊಳೆದು ಓಡುತ್ತಾರೆ. ತಾಟಿನಲ್ಲಿ ಇಡಿ ರೊಟ್ಟಿಗಳು ಹಾಗೇ ಉಳಿಯುತ್ತವೆ. ಬ್ಯಾಳಿ ಸಾರು ತಾಗಿದ್ದನ್ನು ಒರೆಸಿ, ನಾಲ್ಕು ಗಂಟೆಗೆ ನಾವು ಒಲೆಯ ಮುಂದೆ ನಿಂತೇ ಅವನ್ನು ತಿನ್ನುತ್ತಿದ್ದೆವು. ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಮನೆಗೆ ಒಯ್ಯುತ್ತಿದ್ದೆವು. ನನ್ನ ತಂಗಿ ಬೆಳೆದದ್ದು ಆ ಗಂಟಿನ ಮೇಲೆ. ಮಾಲಕರು ನಿನಗೆಂದೇ ಬಿಸಿ ರೊಟ್ಟಿ ಕಟ್ಟಿಕೊಟ್ಟರು ಎಂದು ನಾನು ಅವಳಿಗೆ ವರ್ಷಗಟ್ಟಲೆ ಹೇಳಿದ್ದೆ. ಎಂಜಲು ಎಂಬುದು ನಮ್ಮ ಕಡೆ ಬೈಗುಳ. ಕಂಡವರ ಎಂಜಲು ತಂದು ತಂಗಿಯನ್ನು ಸಾಕಿದೆ ಎಂದು ಅವಳ ಕಾಗದದಲ್ಲಿ, ಅವಳ ಕೈಯಿಂದಲೇ ಬರೆಸುವುದು ನನ್ನಿಂದ ಆಗಲಿಲ್ಲ.

ಅವಳು ಬರುವ ಹಿಂದಿನ ದಿನ ನಾನು ನನ್ನ ಜೊತೆ ರೊಟ್ಟಿ ಬಡಿಯುವ ಐದೂ ಜನರನ್ನು ಕೂಡಿಸಿ ಪಾಠ ಹೇಳಿಕೊಟ್ಟೆ. ಹನ್ನೊಂದಕ್ಕ ಎಲ್ಲಾರೂ ಸಾಲಾಗಿ ಕುಂತು ಬಿಸಿ ರೊಟ್ಟಿ, ಬ್ಯಾಳಿ ಉಣ್ತೀವಿ, ಏನೂ ತ್ರಾಸ ಇಲ್ಲ ಅನ್ರಿ ಎಂದೆ.

ಮರುದಿನ ಅವಳು ಹಿಟ್ಟಿನ ಚೀಲದ ಮೇಲೆ, ತನ್ನ ಹಳೆಯ ಜಾಗದಲ್ಲೇ ಕುಳಿತು ಕೇಳಿದಳು.

“ಪೊಲೀಸರಂಗ ಜವಾಬು ತಗೋಳಾಕ ಬಂದೀಯಲ್ಲವ್ವ! ಫೋಟೋ ಹಾಕ್ತೀ ಏನು? ಹಾಕೋದಿದ್ರ ಹೊಸ ಸೀರಿ ಉಟ್ಕೊಂಡು ಬರ್ತೀನಿ” ಎಂದು ಖಾಲಾ ನಕ್ಕಳು. ಆಮೇಲೆ ನನ್ನ ಮುಖ ನೋಡಿ, ಗಿಳಿಯ ಹಾಗೆ ಒಪ್ಪಿಸಿದಳು: “ಹನ್ನೊಂದಕ್ಕ ಎಲ್ಲಾರೂ ಸಾಲಾಗಿ ಕುಂತು ಬಿಸಿ ರೊಟ್ಟಿ, ಬ್ಯಾಳಿ ಉಣ್ತೀವಿ. ಮ್ಯಾಲ ತುಪ್ಪ.”

ತುಪ್ಪವನ್ನು ನಾನು ಹೇಳಿಕೊಟ್ಟಿರಲಿಲ್ಲ. ಯಾರೋ ಕಿಸಕ್ಕೆಂದರು. ತಂಗಿ ಮಾತ್ರ ತಲೆ ಎತ್ತದೆ ಬರೆದುಕೊಂಡಳು. ಉಳಿದ ನಾಲ್ವರೂ ಅದೇ ಮಾತು ಹೇಳಿದರು. ನಾಲ್ಕು ಸಲವೂ ಅವಳು ಬರೆದುಕೊಂಡಳು.

ಮುಂದಿನ ವಾರ ಕಲಬುರಗಿಯಿಂದ ಬಂದವಳು ಚಪ್ಪಲಿ ಕಳಚುವ ಮೊದಲೇ ಹೇಳಿದಳು. “ಮೇಡಂ ನಕ್ಕುಬಿಟ್ರು ಅಕ್ಕಾ. ಎಲ್ಲಾರೂ ಇಷ್ಟು ಸುಖದಾಗ ಇದ್ರ ನೀ ಹುಡುಕೋದು ಏನದ, ಬ್ಯಾರೆ ವಿಷಯ ತಗೋ ಅಂದ್ರು.” ಚಪ್ಪಲಿ ಕಳಚಿ ಒಳಗೆ ಬಂದಳು. “ಇನ್ನೊಂದು ವಾರ ಟೈಮ್ ಅದ. ನೀ ಒಬ್ಬಾಕಿ ಖರೇ ಹೇಳಿದ್ರ ಸಾಕು. ನಿನ್ನ ಹೆಸರು ಹಾಕಂಗಿಲ್ಲ.”

“ಹೇಳಿದ್ದೇ ಖರೇ. ನಾಕು ಅಕ್ಷರ ಕಲ್ತೀನಂತ ನಾವು ಉಣ್ಣೋ ತಾಟಿನ್ಯಾಗ ಇಣುಕಬ್ಯಾಡ” ಎಂದೆ.

ಅವಳು ಮತ್ತೆ ಕೇಳಲಿಲ್ಲ. ನಾನು ತಂದ ಗಂಟು ಬಿಚ್ಚಿ, ಒಲೆ ಹೊತ್ತಿಸಿ, ರೊಟ್ಟಿ ಸುಡುತ್ತ ನಿಂತಳು.

ಬೇರೆ ವಿಷಯ ತೆಗೆದುಕೊಂಡು ಬರೆದಳು. ಒಂದು ದೊಡ್ಡ ಹೋಟೆಲಿನ ಕೋಣೆಗಳ ಬುಕ್ಕಿಂಗ್ ಬಗ್ಗೆಯಂತೆ. ಪಾಸೂ ಆದಳು. ಆ ಪುಸ್ತಕವನ್ನು ಮನೆಗೆ ತರಲಿಲ್ಲ. ಹಿಂದಿನ ಬಾಗಿಲಿನ ಮಾತನ್ನು ಆಮೇಲೆ ಅವಳ ಬಾಯಲ್ಲಿ ನಾನು ಕೇಳಲಿಲ್ಲ.

ಆ ಮಳೆಗಾಲದಲ್ಲೇ ಅವಳಿಗೆ ಡೆಂಗಿ ಜ್ವರ ಬಂತು. ಕಲಬುರಗಿಯ ಆಸ್ಪತ್ರೆಯಲ್ಲಿ ಐದು ದಿನ ಇದ್ದಳು. ಮೂರನೆಯ ದಿನ ಸ್ವಲ್ಪ ಹುಷಾರಾದಂತೆ ಕಂಡಳು. ಗಂಜಿ ಕುಡಿಸುತ್ತಿದ್ದೆ. ನನ್ನ ಕೈ ಹಿಡಿದಳು. ಆ ಗಟ್ಟಿ ಬೆರಳ ತುದಿಗಳು ನನ್ನ ಮಣಿಕಟ್ಟಿಗೆ ತಾಗಿದವು.

“ಅಕ್ಕಾ, ನಾ ಸಣ್ಣಾಕಿದ್ದಾಗಿಂದ ರೊಟ್ಟಿ ಯಾಕ ಸುಡ್ತಿದ್ದೆ ಗೊತ್ತದೇನು?”

ಏನು ಹೇಳುತ್ತಾಳೆಂದು ನನಗೆ ಆ ಕ್ಷಣವೇ ತಿಳಿಯಿತು: ಗಂಟಿನ ರೊಟ್ಟಿ ಯಾರ ತಾಟಿನದೆಂದು ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು, ಎಂಜಲು ಕಳೆಯಲೆಂದೇ ಉರಿಗೆ ಹಿಡಿಯುತ್ತಿದ್ದಳು. ತಿಳಿದದ್ದಕ್ಕೇ, “ಸುಮ್ಮನ ಮಲ್ಕೋ, ಮಾತಾಡಿದ್ರ ದಣೀತದ” ಎಂದು ಚಮಚ ಅವಳ ಬಾಯಿಗಿಟ್ಟೆ. ಅವಳು ನುಂಗಿದಳು. ಇನ್ನೆರಡು ದಿನಕ್ಕೆ ತೀರಿಹೋದಳು.

ಅವಳ ಪೆಟ್ಟಿಗೆಯಲ್ಲಿ ಪ್ರಾಜೆಕ್ಟಿನ ಮೊದಲ ನೋಟುಬುಕ್ಕು ಇತ್ತು. ಒಳಗೆ ನಾಲ್ಕು ಮಡಿಕೆಯಾದ ಕ್ಯಾಲೆಂಡರ್ ಹಾಳೆ. ಒಂದರಿಂದ ಐದರ ತನಕ ಒಂದೇ ಉತ್ತರ. ಖಾಲಾಳ ತುಪ್ಪವನ್ನೂ ಬಿಟ್ಟಿರಲಿಲ್ಲ. ಅದರ ಕೆಳಗೆ ‘೬. ನಮ್ಮಕ್ಕ’ ಎಂದು ಬರೆದು, ಅದೇ ಪ್ರಶ್ನೆ ಹಾಕಿ, ಅರ್ಧ ಪುಟ ಖಾಲಿ ಬಿಟ್ಟಿದ್ದಳು. ಉಳಿದ ಯಾರಿಗೂ ಅಷ್ಟು ಜಾಗ ಬಿಟ್ಟಿರಲಿಲ್ಲ.

ನನ್ನ ಅಕ್ಷರ ದುಂಡಗಿಲ್ಲ. ಆದರೂ ಆ ಪುಟದಲ್ಲಿ ಬರೆದಿದ್ದೇನೆ.

ನೀವು ಎಷ್ಟೊತ್ತಿಗೆ, ಏನು ಉಣ್ಣುತ್ತೀರಿ?

ನಾಲ್ಕು ಗಂಟೆಗೆ. ನಿಂತುಕೊಂಡು. ಬೇರೆಯವರು ತಾಟಿನಲ್ಲಿ ಬಿಟ್ಟದ್ದು. ನಿನಗೂ ಅದನ್ನೇ ತಂದುಕೊಟ್ಟೆ.