ಬಸ್ ಸ್ಟಾಪಿನ ಲೆಫ್ಟಿನೆಂಟ್

ಅಗ್ನಿಪಥ ಯೋಜನೆ ಜಾರಿಗೆ ಬಂದ ಮರುವರ್ಷ. ನಾನು ಸುಬೇದಾರನಾಗಿ ನಿವೃತ್ತನಾಗಿ, ಊಟಿ ಬಳಿಯ ಕೋತಗಿರಿಯ ಪಂಚಾಯಿತಿ ಮೈದಾನದಲ್ಲಿ ಬೆಳಗಿನ ಹೊತ್ತು ಸೇನೆಗೆ ಸೇರುವ ಹುಡುಗರಿಗೆ ತರಬೇತಿ ಕೊಡುತ್ತಿದ್ದೆ. ಈಗಲೂ ಕೊಡುತ್ತಿದ್ದೇನೆ. ಮೈದಾನದಲ್ಲಿ ಕಾಟಿಗಳು, ಅಂದರೆ ಕಾಡೆಮ್ಮೆಗಳು, ಮೇಯುತ್ತಿದ್ದರೆ ರಸ್ತೆಯಲ್ಲೇ ಓಟ, ಕಾಟಿಗಳು ಎದ್ದು ಹೋದರೆ ಮೈದಾನದಲ್ಲಿ. ಇದರಲ್ಲಿ ನನ್ನ ಅಧಿಕಾರ ಏನೂ ನಡೆಯುವುದಿಲ್ಲ.

ಸುಬೇದಾರ್ ಎಂದರೇನೆಂದು ಹೇಳಿಬಿಡುತ್ತೇನೆ. ಸಿಪಾಯಿಯಾಗಿ ಸೇರಿದವನು ಒಂದೊಂದೇ ಮೆಟ್ಟಿಲು ಹತ್ತಿ ತಲುಪುವ ಮೇಲಿನ ದರ್ಜೆಗಳಲ್ಲಿ ಅದೊಂದು. ಹೆಗಲ ಮೇಲೆ ನಕ್ಷತ್ರಗಳಿರುತ್ತವೆ, ಆದ್ದರಿಂದ ಊರಿನವರು ಆಫೀಸರ್ ಅಂದುಕೊಳ್ಳುತ್ತಾರೆ. ನಕ್ಷತ್ರಗಳ ಪಕ್ಕ ಒಂದು ಬಣ್ಣದ ಪಟ್ಟಿಯೂ ಇರುತ್ತದೆ. ಅದರ ಅರ್ಥ ಸೇನೆಯವರಿಗೆ ಮಾತ್ರ ಗೊತ್ತು. ಆ ಪಟ್ಟಿ ಇರುವವನು ಆಫೀಸರ್ ಅಲ್ಲ. ಮೊನ್ನೆ ಮೊನ್ನೆ ಕಾಲೇಜು ಮುಗಿಸಿ ಬಂದ ಲೆಫ್ಟಿನೆಂಟ್‌ಗೆ ತಲೆ ನರೆತ ಸುಬೇದಾರ್ ಸೆಲ್ಯೂಟ್ ಹೊಡೆಯಬೇಕು. ನಾನು ಬೇಕಾದಷ್ಟು ಹೊಡೆದಿದ್ದೇನೆ.

ನಮ್ಮ ಬಡಗರ ಹಟ್ಟಿಗಳಲ್ಲಿ, ಅಂದರೆ ಈ ಬೆಟ್ಟದ ನಮ್ಮ ಜನರ ಊರುಗಳಲ್ಲಿ, ಈ ವ್ಯತ್ಯಾಸಕ್ಕೆ ಬಹಳ ಬೆಲೆ. ಒಂದೊಂದು ಹಟ್ಟಿಯಲ್ಲೂ ಬ್ಯಾಂಕ್ ಮ್ಯಾನೇಜರ್, ಇಂಜಿನಿಯರ್, ಕಾಲೇಜು ಮೇಡಂ ಎಲ್ಲಾ ಇದ್ದಾರೆ. ಟೀ ತೋಟ ಸಣ್ಣದಾಗಿದ್ದರೂ ಓದು ದೊಡ್ಡದಾಗಿರಬೇಕು. ನಾನು ರಜೆಗೆ ಬಂದಾಗಲೆಲ್ಲ ಮದುವೆ ಮನೆಗಳಲ್ಲಿ ಯಾರಾದರೂ “ಆಫೀಸರಾ, ಸಿಪಾಯಿಯಾ?” ಎಂದು ಕೇಳಿಯೇ ಕೇಳುತ್ತಿದ್ದರು. ನಾನು “ಮಿಲ್ಟ್ರಿ” ಎಂದಷ್ಟೇ ಹೇಳಿ ಊಟದ ಎಲೆಯ ಕಡೆ ನೋಡುತ್ತಿದ್ದೆ.

ಕೀಳ್ ಕೋತಗಿರಿ ಕಡೆಯ ಒಂದು ಹಟ್ಟಿಯಿಂದ ಸತೀಶ ಬರುತ್ತಿದ್ದ. ತಂದೆ ಹಾಲನ್, ಸಣ್ಣ ಟೀ ಬೆಳೆಗಾರ, ಎಲೆ ಫ್ಯಾಕ್ಟರಿಗೆ ಹಾಕಿ ಬಂದ ದಿನ ಮೈದಾನದ ಬದಿಯಲ್ಲಿ ನಿಂತು ಮಗ ಓಡುವುದನ್ನು ನೋಡುತ್ತಿದ್ದ. ಸತೀಶ ಊಟಿಯ ಕಾಲೇಜಿನಲ್ಲಿ ಕೊನೆಯ ವರ್ಷ. ನನ್ನ ಹುಡುಗರಲ್ಲೇ ಚೆನ್ನಾಗಿ ಓಡುವವನು, ಅಷ್ಟೇ ಕಡಿಮೆ ಮಾತಾಡುವವನು. ಆ ವರ್ಷ ಅವನು ಎರಡು ಪರೀಕ್ಷೆ ಬರೆದಿದ್ದ. ಒಂದು ಅಗ್ನಿವೀರ್, ಅಂದರೆ ನಾಲ್ಕು ವರ್ಷಕ್ಕೆ ಸಿಪಾಯಿಯಾಗಿ ನೇರ ಸೇರುವುದು. ಇನ್ನೊಂದು ಸಿಡಿಎಸ್, ಡಿಗ್ರಿಯವರು ಆಫೀಸರ್ ಆಗಲು ಬರೆಯುವ ಪರೀಕ್ಷೆ. ಎರಡರಲ್ಲೂ ಪಾಸಾಗಿ ನನ್ನನ್ನೇ ಬೆರಗಾಗಿಸಿದ.

ತೊಂದರೆ ಶುರುವಾದದ್ದು ಅಲ್ಲಿಂದ. ಅಗ್ನಿವೀರ್ ತರಬೇತಿಗೆ ಹಾಜರಾಗಬೇಕಾದ ದಿನ ಜನವರಿಯಲ್ಲಿ ಎಂದು ಕಾಗದ ಬಂತು. ಹೋದರೆ ಡಿಗ್ರಿಯ ಕೊನೆಯ ಸೆಮಿಸ್ಟರ್ ಕೈ ಬಿಡಬೇಕು. ಡಿಗ್ರಿ ಇಲ್ಲದಿದ್ದರೆ ಸಿಡಿಎಸ್ ದಾರಿ ಮುಚ್ಚಿದ ಹಾಗೆ. ಹೋಗದಿದ್ದರೆ ಮುಂದಿನ ಸೇನಾ ಭರ್ತಿ ರ‍್ಯಾಲಿ ಹೊತ್ತಿಗೆ ಅವನ ವಯಸ್ಸು ಮೀರಿರುತ್ತದೆ. ಸಿಡಿಎಸ್‌ನಲ್ಲಿ ಬರವಣಿಗೆ ಪಾಸಾದರೆ ಕೆಲಸ ಸಿಕ್ಕಿತೆಂದಲ್ಲ. ಮುಂದೆ ಎಸ್‌ಎಸ್‌ಬಿ ಎಂಬ ಆಯ್ಕೆ ಮಂಡಳಿ ಐದು ದಿನ ಪರೀಕ್ಷಿಸುತ್ತದೆ. ಮೊದಲ ದಿನವೇ ಒಂದು ಜರಡಿ: ಮಸುಕಾದ ಒಂದು ಚಿತ್ರ ತೋರಿಸಿ ಕಥೆ ಬರೆಸುತ್ತಾರೆ, ಆಮೇಲೆ ಗುಂಪಿನಲ್ಲಿ ಅದರ ಬಗ್ಗೆ ಚರ್ಚೆ ಮಾಡಿಸುತ್ತಾರೆ. ಬಂದವರಲ್ಲಿ ಹೆಚ್ಚಿನವರು ಅವತ್ತೇ ಸಂಜೆಯ ರೈಲು ಹಿಡಿಯುತ್ತಾರೆ.

ಒಂದು ಬೆಳಿಗ್ಗೆ ಓಟ ಮುಗಿಸಿ ಶೂ ಬಿಚ್ಚುತ್ತಾ ಅವನು ಕೇಳಿದ. ಅವನ ಬಡಗ ಮಾತನ್ನು ಕನ್ನಡದ ಓದುಗರಿಗೆ ತಿಳಿಯುವಷ್ಟು ಬದಲಿಸಿ ಬರೆಯುತ್ತಿದ್ದೇನೆ.

“ಸಾರ್, ಎನಗೆ ಪಲ್ಟನ್‌ಗೆ ಹೋಗೋಕೆ ಆಸೆ. ಇಂಗ್ಲಿಷ್‌ನಲ್ಲಿ ಗುಂಪಲ್ಲಿ ಮಾತಾಡೋದು ಎನಗೆ ಆಗೋದಿಲ್ಲೆ. ಸಿಪಾಯಿಯಾಗೇ ಹೋಗಲಾ?”

ನಾನು ನಕ್ಕುಬಿಟ್ಟೆ. ಎಲ್ಲ ಹುಡುಗರಿಗೂ ಹೇಳುತ್ತಿದ್ದ ಒಂದು ಮಾತು ನನ್ನ ಬಾಯಲ್ಲಿ ಸದಾ ಸಿದ್ಧವಾಗಿರುತ್ತಿತ್ತು: “ಜೀವಮಾನವೆಲ್ಲಾ ಸೆಲ್ಯೂಟ್ ಹೊಡೆಯೋದು ಬೇಕೋ, ತಗೊಳ್ಳೋದು ಬೇಕೋ?” ಸುತ್ತ ಇದ್ದ ಹುಡುಗರೂ ನಕ್ಕರು. ಸತೀಶ ನಗಲಿಲ್ಲ. ಶೂ ಲೇಸನ್ನು ಮತ್ತೆ ಕಟ್ಟಿಕೊಂಡು ಹೊರಟುಹೋದ. ಅದೇ ವಾರ ಹಾಲನ್ ನನ್ನ ಮನೆಗೆ ಕ್ಯಾರೆಟ್ ಚೀಲ ತಂದಿಟ್ಟು, “ಅಣ್ಣಾ, ಅವನು ಕಾಲೇಜಲ್ಲೇ ಇರ್ತಾನೆ, ಆಫೀಸರೇ ಆಗ್ತಾನೆ. ನೀ ಹೇಳಿದ ಮೇಲೆ ಇನ್ನೇನು,” ಎಂದ. ನನಗೆ ಹೆಮ್ಮೆಯಾಯಿತು. ಆದರೂ ಅಗ್ನಿವೀರ್ ಕಾಗದವನ್ನು ಹರಿದು ಹಾಕಬೇಡ ಎಂದಷ್ಟು ಹೇಳುವ ಬುದ್ಧಿ ಇತ್ತು.

ಡಿಸೆಂಬರ್ ಕೊನೆಗೆ ಎಸ್‌ಎಸ್‌ಬಿಗೆ ಕರೆ ಬಂತು. ಅವನು ಹೊರಡುವ ಹಿಂದಿನ ದಿನ ಹಾಲನ್ ಹಟ್ಟಿಗೆಲ್ಲ ಪೊತ್ತಿಟ್ಟು ಮತ್ತು ಟೀ ಕೊಟ್ಟ. ಪೊತ್ತಿಟ್ಟು ಎಂದರೆ ಹಬ್ಬದಲ್ಲಿ ಎಣ್ಣೆಯಲ್ಲಿ ಕರಿಯುವ ನಮ್ಮ ಸಿಹಿ. ನಾನು ಬಸ್ ಇಳಿದವನು ನಿಂತಲ್ಲೇ ನಿಂತೆ. ಹಟ್ಟಿಯ ಬಸ್ ಸ್ಟಾಪಿನಲ್ಲಿ, ಎರಡು ಸಿಲ್ವರ್ ಮರಗಳ ನಡುವೆ, ಬಾಗಿಲಿಗಿಂತ ದೊಡ್ಡ ಫ್ಲೆಕ್ಸ್. ಯಾವುದೋ ಆಫೀಸರನ ಸಮವಸ್ತ್ರಕ್ಕೆ ಸತೀಶನ ಮುಖ ಅಂಟಿಸಿದ್ದರು. ಕೆಳಗೆ ದೊಡ್ಡ ತಮಿಳು ಅಕ್ಷರದಲ್ಲಿ, ನಮ್ಮ ಹಟ್ಟಿಯ ಮೊದಲ ಲೆಫ್ಟಿನೆಂಟ್‌ಗೆ ಅಭಿನಂದನೆ. ಮೂಲೆಯಲ್ಲಿ ನನ್ನ ಫೋಟೋ. ಅದರ ಕೆಳಗೆ: ತರಬೇತಿ ನೀಡಿದ ಕ್ಯಾಪ್ಟನ್.

ಮದುವೆಗೆ, ಮಗುವಿಗೆ ಕಿವಿ ಚುಚ್ಚುವ ಹಬ್ಬಕ್ಕೆ, ಪ್ಲಸ್ ಟೂ ಪಾಸಾದದ್ದಕ್ಕೂ ನಮ್ಮ ಕಡೆ ಫ್ಲೆಕ್ಸ್ ಹಾಕುತ್ತಾರೆ. ಸಂದರ್ಶನಕ್ಕೆ ಹೋಗುವ ಮೊದಲೇ ಹಾಕಿದ್ದು ಅದೊಂದೇ. ಕರೆಪತ್ರ ಬಂದರೆ ಕೆಲಸವೇ ಬಂದಂತೆ ಎಂದು ಹಾಲನ್ ತಿಳಿದಿದ್ದ. ಅದು ತಪ್ಪು ಎಂದು ಆ ಜನರಲ್ಲಿ ತಿಳಿದಿದ್ದವರು ಇಬ್ಬರೇ, ಸತೀಶ ಮತ್ತು ನಾನು. ಸತೀಶ ತಲೆ ತಗ್ಗಿಸಿಕೊಂಡು ಟೀ ಹಂಚುತ್ತಿದ್ದ. ಎರಡು ಮಾತು ಹೇಳಿ ಎಂದು ನನ್ನನ್ನು ಎಬ್ಬಿಸಿದರು. ಇನ್ನೂ ಏನೂ ಆಗಿಲ್ಲ, ಮೊದಲ ದಿನವೇ ವಾಪಸ್ ಬರಬಹುದು, ಬಂದರೆ ಅದು ಅವಮಾನವಲ್ಲ ಎಂದು ಹೇಳಬೇಕಿತ್ತು. “ಇವನು ನನ್ನ ಹಾಗಲ್ಲ, ನೇರ ಆಫೀಸರ್!” ಎಂದೆ. ಚಪ್ಪಾಳೆ ಬಿತ್ತು. ನನ್ನ ಹೆಗಲಿಗೆ ಒಂದು ಶಾಲು ಕೂಡ ಬಿತ್ತು.

ಐದು ದಿನ ಕಳೆಯಿತು, ಮತ್ತೂ ಎರಡು ದಿನ ಕಳೆಯಿತು. ಸತೀಶನ ಫೋನ್ ಆಫ್. ಹಾಲನ್ ಬಂದು, “ಅಲ್ಲಿಂದಲೇ ಟ್ರೈನಿಂಗ್‌ಗೆ ಕರಕೊಂಡು ಹೋದರಾ ಅಣ್ಣಾ?” ಎಂದು ಕೇಳಿದ. ಹಾಗೆ ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ. ನನ್ನ ಪರಿಚಯದ ತರಕಾರಿ ಲಾರಿಯ ಡ್ರೈವರ್‌ಗಳಿಗೆಲ್ಲ ಫೋನ್ ಮಾಡಿದೆ. ಮರುದಿನ ಒಬ್ಬ ಹೇಳಿದ, ಮೇಟ್ಟುಪಾಳಯದ ಆಲೂಗಡ್ಡೆ ಮಂಡಿಯಲ್ಲಿ ನಿಮ್ಮ ಹುಡುಗನಂತಿರುವವನು ಮೂಟೆ ಹೊರುತ್ತಿದ್ದಾನೆ, ಕರೆದರೆ ಮುಖ ತಿರುಗಿಸಿಕೊಂಡ ಎಂದು.

ಹಾಲನ್‌ಗೆ ಹೇಳದೆ ಮೊದಲ ಬಸ್ಸಿಗೆ ಬೆಟ್ಟ ಇಳಿದು ಮೇಟ್ಟುಪಾಳಯಕ್ಕೆ ಹೋದೆ. ಮಂಡಿಯಲ್ಲಿ ನಮ್ಮ ಬೆಟ್ಟದ ಆಲೂಗಡ್ಡೆಯ ಮೂಟೆಗಳ ನಡುವೆ ಅವನು ಸಿಕ್ಕ. ಅಂಗಿಯ ತುಂಬ ಕೆಂಪು ಮಣ್ಣು. ನನ್ನನ್ನು ಕಂಡು ಮೂಟೆ ಇಳಿಸಿ ಅಟೆನ್ಷನ್‌ನಲ್ಲಿ ನಿಂತ. ಅದನ್ನು ಕಲಿಸಿದವನು ನಾನೇ. ಟೀ ಅಂಗಡಿಗೆ ಕರೆದೊಯ್ದೆ.

“ಮೊದಲ ದಿನವೇ ಸಾರ್,” ಎಂದ. “ಗುಂಪಲ್ಲಿ ಎಲ್ಲಾ ಒಟ್ಟಿಗೆ ಮಾತಾಡಿದ್ರು. ಎನ್ನ ಬಾಯಿ ತೆರೆಯೋದರೊಳಗೆ ಮುಗಿದೋಯ್ತು.”

“ಅದಕ್ಕೆ ಮನೆಗೆ ಬರಬಾರದಾ? ಹೋದವರಲ್ಲಿ ಹೆಚ್ಚಿನವರು ಹಾಗೇ ಬರ್ತಾರೆ ಕಣೋ.”

“ಬಂದೆ ಸಾರ್. ಕೋತಗಿರಿ ತನಕ ಬಂದೆ. ಹಟ್ಟಿ ಬಸ್ ಹತ್ತಿದೆ. ಸ್ಟಾಪಲ್ಲಿ ಎನ್ನ ಫೋಟೋ ಇತ್ತು. ಇಳಿಯೋಕೆ ಆಗಲಿಲ್ಲೆ. ಕೊನೆ ಸ್ಟಾಪಿಗೆ ಹೋಗಿ ಅದೇ ಬಸ್ಸಲ್ಲಿ ವಾಪಸ್ ಬಂದೆ.”

ಅಗ್ನಿವೀರ್‌ಗೆ ಹಾಜರಾಗಲು ಇನ್ನೂ ನಾಲ್ಕು ದಿನ ಉಳಿದಿತ್ತು. ಅದಕ್ಕೆ ಹೋಗುತ್ತೀಯಾ, ಇಲ್ಲಾ ಡಿಗ್ರಿ ಮುಗಿಸಿ ಮತ್ತೊಮ್ಮೆ ಸಿಡಿಎಸ್ ಬರೆಯುತ್ತೀಯಾ, ನಿನಗೇನು ಬೇಕು ಎಂದು ಕೇಳಿದೆ. ಇದನ್ನು ನಾನು ಅವನಿಗೆ ಕೇಳಿದ್ದು ಅದೇ ಮೊದಲು.

“ಎನಗೆ ಬೇಕಾದ್ದನ್ನ ಅವತ್ತೇ ಹೇಳಿದೆ. ನೀವು ನಕ್ಕಿರಿ.” ಅವನ ದನಿಯಲ್ಲಿ ಕೋಪ ಇರಲಿಲ್ಲ. ಗ್ಲಾಸನ್ನು ಕೆಳಗಿಟ್ಟು ಕೇಳಿದ: “ಸಾರ್, ಸಿಪಾಯಿಯಾಗಿದ್ದು ನಿಮಗೆ ನಾಚಿಕೆಯಾ?”

ಸಿಯಾಚಿನ್ನಿನಲ್ಲಿ ಇದ್ದವನು ನಾನು. ಕಣಿವೆಯಲ್ಲಿ ಗುಂಡಿನ ಸದ್ದು ಕೇಳಿದವನು. ಆಲೂಗಡ್ಡೆ ಮಂಡಿಯ ಟೀ ಅಂಗಡಿಯಲ್ಲಿ ಇಪ್ಪತ್ತೊಂದು ವರ್ಷದ ಹುಡುಗನ ಕಣ್ಣು ನೋಡಲಾಗದೆ ಕೂತೆ. ಇಲ್ಲ ಎನ್ನುವುದು ಎಷ್ಟು ಸುಲಭ. ಆದರೆ ಅವನು ನಂಬುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾನೂ ನಂಬುತ್ತಿರಲಿಲ್ಲ. ಟೀ ಕಾಸು ಕೊಟ್ಟು, “ಬಾ, ಹೊರಡೋಣ,” ಎಂದೆ.

ಬಸ್ಸು ಹಟ್ಟಿಯ ಸ್ಟಾಪಿಗೆ ಬಂದಾಗ ಸತೀಶ ನನಗಿಂತ ಮೊದಲು ಇಳಿದ. ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ಎದುರೇ ಮರ ಹತ್ತಿ ಹಗ್ಗ ಬಿಚ್ಚಿ ಫ್ಲೆಕ್ಸ್ ಕೆಳಗಿಳಿಸಿದ. ಸುತ್ತುವಾಗ ನನ್ನ ಮುಖ ಹೊರಗೆ ಬಂತು, ಕ್ಯಾಪ್ಟನ್ ಎಂಬುದೂ. ಒಬ್ಬಾಕೆ ನನ್ನನ್ನೂ ಚಿತ್ರವನ್ನೂ ನೋಡಿದಳು. ನಾನು ಚೀಲದಲ್ಲಿ ಏನೋ ಹುಡುಕಿದಂತೆ ಮಾಡಿದೆ.

ಮನೆಯಲ್ಲಿ ತಾಯಿ ಅವನನ್ನು ಅಪ್ಪಿಕೊಂಡು ಅತ್ತಳು. ಹಾಲನ್ ಅಳಲಿಲ್ಲ, ಬೈಯಲೂ ಇಲ್ಲ. ಮಗ ಸಿಪಾಯಿಯಾಗಿ ಹೊರಡುತ್ತಾನೆ ಎಂದು ಕೇಳಿ ನನ್ನನ್ನು ಹಿತ್ತಲಿಗೆ ಕರೆದ.

“ಅಣ್ಣಾ, ಅವನು ಹೋಗಲಿ. ಆದರೆ ಜನಕ್ಕೆ ಆಫೀಸರ್ ಟ್ರೈನಿಂಗ್ ಅಂತಲೇ ಇರಲಿ. ನೀ ಹೂಂ ಅಂದ್ರೆ ಹಟ್ಟಿ ನಂಬುತ್ತೆ.” ಆಮೇಲೆ, ನನ್ನನ್ನು ನೋಯಿಸುವ ಉದ್ದೇಶವೇ ಇಲ್ಲದೆ ಹೇಳಿದ: “ಸಿಪಾಯಿ ಅಂದ್ರೆ ಎಂಗ ತಲೆ ಎತ್ತೋದು, ನೀನೇ ಹೇಳು.”

ಅವನು ಇದನ್ನು ಹೇಳುತ್ತಿದ್ದದ್ದು ಒಬ್ಬ ಸಿಪಾಯಿಗೆ. ಅದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯದಂತೆ ಇಷ್ಟು ವರ್ಷ ನೋಡಿಕೊಂಡವನು ನಾನು. ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಳಗೆ ಬಂದಾಗ ಸತೀಶ ಕಿಟಕಿಯ ಪಕ್ಕ ಬಟ್ಟೆ ಮಡಚುತ್ತಿದ್ದ. ಎಲ್ಲ ಕೇಳಿಸಿರಬೇಕು.

ಹೊರಡುವ ದಿನ ಕೋತಗಿರಿ ಬಸ್ ನಿಲ್ದಾಣಕ್ಕೆ ನಾವು ಮೂವರು ಬಂದೆವು. ಮೇಟ್ಟುಪಾಳಯದ ಬಸ್ಸು ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಅವರ ಹಟ್ಟಿಯ ಗೌಡರು, ಅಂದರೆ ಹಟ್ಟಿಯ ಹಿರಿಯ ಯಜಮಾನರು, ಆಸ್ಪತ್ರೆಯಿಂದ ಔಷಧಿ ಹಿಡಿದು ನಮ್ಮ ಕಡೆಗೇ ಬಂದರು. ಬಿಳಿ ಮುಂಡಾಸು, ಬಿಳಿ ಶಾಲು, ಕೈಯಲ್ಲಿ ಕೋಲು.

“ಏನ, ಹುಡುಗ ಎಲ್ಲಿಗೆ?” ಎಂದು ಕೇಳಿದರು.

ಹಾಲನ್ ನನ್ನ ಮುಖ ನೋಡಿದ. ಇದಕ್ಕೆ ಸರಿಯಾದ ಉತ್ತರ ಹೇಳಲು ನನಗೆ ಮೂರು ದಿನ ಸಿಕ್ಕಿತ್ತು. ನನ್ನ ಬಾಯಿಂದ ಬಂದದ್ದು ಇದು: “ಟ್ರೈನಿಂಗ್‌ಗೆ ಗೌಡರೇ. ಮುಂದೆ ಒಳಗಿಂದಲೇ ಪರೀಕ್ಷೆ ಬರೆದರೆ ಆಫೀಸರ್...”

ಸತೀಶ ನನ್ನ ಮಾತು ಮುಗಿಯಲು ಬಿಡಲಿಲ್ಲ. ಹೆಗಲ ಚೀಲ ಕೆಳಗಿಟ್ಟು, ಗೌಡರ ಮುಂದೆ ಹೋಗಿ ತಲೆ ಬಾಗಿಸಿದ. ದೂರ ಹೊರಟ ಕಿರಿಯರು ಹಿರಿಯರ ಮುಂದೆ ಹೀಗೆ ತಲೆ ಬಾಗಿಸುವುದು ನಮ್ಮಲ್ಲಿ ರೂಢಿ.

“ಹೆತ್ತಪ್ಪಾ, ಸಿಪಾಯಿಯಾಗಿ ಹೋಗ್ತಾ ಇದ್ದೇನೆ. ಹರಸು.”

ಹೆತ್ತಪ್ಪ ಎಂದರೆ ಅಜ್ಜ. ಹಾಲನ್ ನೆಲ ನೋಡಿದ. ನಾನು ಬಸ್ ಬರುವ ದಿಕ್ಕು ನೋಡಿದೆ. ಗೌಡರು ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯನ್ನು ಅವನ ತಲೆಯ ಮೇಲಿಟ್ಟರು. “ಒಂದು ಸಾವಿರ ಆಗಲಿ, ಒಳ್ಳೆದಾಗಲಿ, ಬಾಳಿ ಬದುಕು,” ಎಂದರು. ಬ್ಯಾಂಕಿಗೆ ಸೇರಿದವರಿಗೂ, ಮದುವೆಯಾಗಿ ಹೋಗುವ ಹೆಣ್ಣುಮಕ್ಕಳಿಗೂ ಅವರು ಹೇಳುವುದು ಅದನ್ನೇ. ದನಿಯಲ್ಲಿ ಒಂದಿಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಚಳಿಗೆ ಸ್ವೆಟರ್ ಇದೆಯಾ ಎಂದು ಕೇಳಿದರು. ಇದೆ ಎಂದ.

ಬಸ್ಸು ಹೊರಟ ಮೇಲೆ ಗೌಡರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ. ಅವರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. “ಸಿಪಾಯಿ ಅಂತ ಹೇಳೋಕೆ ನೀ ಏತಕ್ಕೆ ಅಷ್ಟು ಕಷ್ಟಪಟ್ಟೆ? ನೀನೂ ಅದೇ ಅಲ್ಲವಾ?” ಎಂದು ಕೇಳಿದರು.

ಅವರಿಗೆ ಮೊದಲಿನಿಂದಲೂ ಗೊತ್ತಿತ್ತು. ಬಹುಶಃ ಹಟ್ಟಿಯಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಹೌದು ಗೌಡರೇ ಎಂದೆ. ಸಿಪಾಯಿ ಎಂದು ಜನರ ಮುಂದೆ ನಾನು ಒಪ್ಪಿಕೊಂಡದ್ದು ಅದೇ ಮೊದಲು, ಆದರೆ ಕೇಳಬೇಕಾಗಿದ್ದವನು ಆಗಲೇ ಬಸ್ಸಿನಲ್ಲಿ ತಿರುವು ದಾಟಿದ್ದ.

ಇವತ್ತಿಗೂ ಹುಡುಗರು ಬಂದು, ಸೇರುವುದಾ ಓದುವುದಾ ಎಂದು ಕೇಳುತ್ತಾರೆ. ವಯಸ್ಸು, ಡಿಗ್ರಿ, ಎಸ್‌ಎಸ್‌ಬಿಯ ಮೊದಲ ದಿನ, ನಾಲ್ಕು ವರ್ಷದ ನಂತರ ಏನು, ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಓದು ಎಂದು ಕೆಲವರಿಗೆ, ಸೇರು ಎಂದು ಕೆಲವರಿಗೆ ಹೇಳಿದ್ದೂ ಇದೆ. ಆದರೆ ಹೇಳುವ ಮೊದಲು, ಇದು ಆ ಹುಡುಗನಿಗಾಗಿ ಹೇಳುತ್ತಿರುವುದೋ ನನ್ನ ಹೆಗಲ ಪಟ್ಟಿಗಾಗಿ ಹೇಳುತ್ತಿರುವುದೋ ಎಂದು ಒಂದು ಗಳಿಗೆ ನಿಂತು ನೋಡಿಕೊಳ್ಳುತ್ತೇನೆ. ಈ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಅದನ್ನು ಕಲಿಯಲು ಒಬ್ಬ ಒಳ್ಳೆಯ ಓಟಗಾರ ತನ್ನದೇ ಹಟ್ಟಿಯ ಸ್ಟಾಪಿನಲ್ಲಿ ಇಳಿಯಲಾರದೆ ಬಸ್ಸಿನಲ್ಲಿ ಕೂತಿರಬೇಕಾಯಿತು.